ಅಳಿಸುವ ಅಚ್ಚುಕಟ್ಟು
ಪ್ರೋಗ್ರಾಮಿಂಗ್ ಕಲಿಯುವವರನ್ನು ಮೊದಲು ಸೆಳೆಯುವುದು ಆಬ್ಜೆಕ್ಟ್ ಹುಟ್ಟಿಸುವ ಕನ್‌ಸ್ಟ್ರಕ್ಟರ್. ನನ್ನ ಮೆಚ್ಚುಗೆ ಮಾತ್ರ ಆಬ್ಜೆಕ್ಟ್ ಅಳಿಯುವಾಗ ತಾನಾಗಿ ಓಡುವ ಸಿ++ನ ಡಿಸ್ಟ್ರಕ್ಟರ್‌ಗೆ. ಬ್ಲಾಕ್ ಮುಗಿದೊಡನೆ, ನಡುವೆ ಎಕ್ಸೆಪ್ಷನ್ ಎದ್ದು ಬೇರೆಲ್ಲೋ ಕ್ಯಾಚ್ ಆದರೂ, ಅದರ ಲೋಕಲ್ ಆಬ್ಜೆಕ್ಟ್‌ಗಳು ಹುಟ್ಟಿದ್ದಕ್ಕೆ ತಿರುಗುಮುರುಗಾಗಿ ಅಳಿಯುತ್ತವೆ (ನ್ಯೂ ಬಳಸಿ ಪಡೆದವಕ್ಕೆ ಈ ಭಾಗ್ಯವಿಲ್ಲ). ಕೊನೆಗೆ ಹುಟ್ಟಿದ್ದು ಮೊದಲಿನದನ್ನು ನೆಚ್ಚಿಕೊಂಡಿರಬಹುದು. ಹಾಗಾಗಿ ಅದೇ ಮೊದಲು ಹೋಗಬೇಕು. ತೆರೆದ ಫೈಲು ಮುಚ್ಚುತ್ತದೆ, ಹಿಡಿದ ಲಾಕ್ ಬಿಡುತ್ತದೆ, ಯಾರೂ ನೆನಪಿಸಬೇಕಿಲ್ಲ. ಜಾವಾದಲ್ಲಿ ಗಾರ್ಬೇಜ್ ಕಲೆಕ್ಟರ್ ಇರುವಾಗ ಈ ಉಸಾಬರಿ ಯಾಕೆ ಎನ್ನುವವರುಂಟು. ಮೆಮೊರಿಯ ಮಟ್ಟಿಗೆ ಆ ಮಾತು ಸರಿ. ಆದರೆ ಕಲೆಕ್ಟರ್ ಯಾವಾಗ ಬಂದೀತೆಂಬ ಖಾತ್ರಿಯಿಲ್ಲ. ಡೇಟಾಬೇಸ್ ಸಂಪರ್ಕ ಅಷ್ಟು ಕಾಯಲಾರದು. ಜಾವಾವೇ 2011ರಲ್ಲಿ ಬ್ಲಾಕ್ ಮುಗಿದೊಡನೆ ಸಂಪರ್ಕ ಮುಚ್ಚುವ ಟ್ರೈ-ವಿತ್-ರಿಸೋರ್ಸಸ್ ತಂದು, 2017ರಲ್ಲಿ ಕಲೆಕ್ಟರ್‌ನನ್ನು ನೆಚ್ಚಿಕೊಂಡ ಫೈನಲೈಜ್ ಬಳಸಬೇಡಿ ಎಂದಿತು.