ಒಂದು ಗ್ರಾಂ ಮುಚ್ಚಳ

ಟೈರಿಗೆ ಗಾಳಿ ಹೊಡೆದ ಮೇಲೆ ಪಂಕ್ಚರ್ ಅಂಗಡಿಯ ಹುಡುಗ ವಾಲ್ವಿನ ತುದಿಗೆ ಒಂದು ಕರಿ ಪ್ಲಾಸ್ಟಿಕ್ ಮುಚ್ಚಳ ತಿರುಗಿಸಿ ಕೂರಿಸುತ್ತಾನಲ್ಲ, ಅದನ್ನು ನಾವು ಯಾರೂ ನೋಡಿದವರಲ್ಲ. ಬಿದ್ದುಹೋದರೂ ತಿಂಗಳುಗಟ್ಟಲೆ ಗೊತ್ತಾಗುವುದಿಲ್ಲ. ಅದರ ತೂಕ ಒಂದು ಗ್ರಾಂ ಎಂದುಕೊಳ್ಳೋಣ. ಕಾರು ಗಂಟೆಗೆ 160 ಕಿಲೋಮೀಟರ್ ವೇಗದಲ್ಲಿದ್ದಾಗ ಚಕ್ರ ಸೆಕೆಂಡಿಗೆ 22 ಸುತ್ತು ತಿರುಗುತ್ತದೆ. ಆಗ ಆ ಮುಚ್ಚಳ ಹೊರಕ್ಕೆ ಜಗ್ಗುವ ಬಲ ಸುಮಾರು 400 ಗ್ರಾಂ ತೂಕಕ್ಕೆ ಸಮ. ಒಂದು ಗ್ರಾಂ ಇದ್ದದ್ದು ಅರ್ಧ ಕಿಲೋ ಬೆಲ್ಲದ ಸಮೀಪಕ್ಕೆ ಬಂತು. ಮೆತ್ತಗಿನ ರಬ್ಬರ್ ವಾಲ್ವ್ ಅಷ್ಟು ಜಗ್ಗಾಟಕ್ಕೆ ಬಾಗುತ್ತದೆ, ಬಾಗಿದಲ್ಲಿ ಗಾಳಿ ಸೋರಬಹುದು. ಅದಕ್ಕೇ ತಿಳಿದವರು ರಬ್ಬರ್ ವಾಲ್ವ್ ತೆಗೆಸಿ ಲೋಹದ್ದು ಹಾಕಿಸುತ್ತಾರೆ. ಮುಚ್ಚಳವೂ ಲೋಹದ್ದೇ, ಒಳಗೆ ಕೂದಲೆಳೆಯಂಥ ರಬ್ಬರ್ ಬಳೆಯಿರುವುದು.

ಮನೆಯ ಕಾರನ್ನು ಮೊದಲ ಸಲ ರೇಸಿಗೆ ಸಿದ್ಧಪಡಿಸುವ ಕೆಲಸ ನನಗೆ ರುಚಿಸುವುದು ಇಂಥ ಕಡೆಯೇ. ಓಟವನ್ನು ಯಾರು ಬೇಕಾದರೂ ಮೆಚ್ಚಿಯಾರು. ಈ ಮುಚ್ಚಳವನ್ನು ಮೆಚ್ಚಲು ಸ್ವಲ್ಪ ಸಾವಧಾನ ಬೇಕು.

ನಾನು ಹೇಳುತ್ತಿರುವ ರೇಸು ಇಂಥದ್ದು. ಅಮೆರಿಕದ ನೆವಾಡಾದಲ್ಲಿ 318ನೇ ಹೆದ್ದಾರಿ ಎಂಬ ಎರಡು ಲೇನಿನ ರಸ್ತೆಯಿದೆ. ಲಂಡ್ ಎಂಬ ಸಣ್ಣ ಊರಿನ ಬಳಿಯಿಂದ ಹೈಕೋ ಕಡೆಗೆ ಇಳಿಯುವ ರಸ್ತೆ. ಎರಡೂ ಬದಿ ಒಣ ಕುರುಚಲು, ದೂರದಲ್ಲಿ ಬೋಳು ಬೆಟ್ಟಗಳು. ಬಹುಪಾಲು ನೂಲು ಹಿಡಿದಂತೆ ನೇರ, ನ್ಯಾರೋಸ್ ಎಂಬ ಕಣಿವೆಯಲ್ಲಿ ಮಾತ್ರ ಬಂಡೆಗಳ ನಡುವೆ ಅಂಕುಡೊಂಕು. 1988ರಿಂದ ಈ ರಸ್ತೆಯ ಸಂಚಾರ ನಿಲ್ಲಿಸಿ ‘ಸಿಲ್ವರ್ ಸ್ಟೇಟ್ ಕ್ಲಾಸಿಕ್ ಚಾಲೆಂಜ್’ ನಡೆಸುತ್ತಾರೆ. 90 ಮೈಲಿ, ಅಂದರೆ 145 ಕಿಲೋಮೀಟರ್. ವೇಗದ ಮಿತಿಯಿಲ್ಲದ ವಿಭಾಗವೊಂದನ್ನು ಬಿಟ್ಟರೆ ಇಲ್ಲಿ ಮುಂದೆ ಓಡಿದವನು ಗೆಲ್ಲುವುದಿಲ್ಲ. ನನ್ನ ಸರಾಸರಿ ಗಂಟೆಗೆ ಇಷ್ಟು ಮೈಲಿ ಎಂದು ಮೊದಲೇ ಮಾತು ಕೊಟ್ಟು, ಆ ಮಾತಿಗೆ ಯಾರು ಅತಿ ಹತ್ತಿರ ಬಂದರೋ ಅವರೇ ಗೆದ್ದವರು. 100 ಮೈಲಿ ಎಂದವನು 54 ನಿಮಿಷಕ್ಕೆ ಸರಿಯಾಗಿ ಮುಟ್ಟಬೇಕು. ಬೇಗ ಬಂದರೂ ತಪ್ಪು, ತಡವಾದರೂ ತಪ್ಪು. ಗೆದ್ದವರ ತಪ್ಪನ್ನು ಸೆಕೆಂಡಿನ ತುಣುಕುಗಳಲ್ಲಿ ಎಣಿಸುತ್ತಾರೆ.

ಇದು ತಿಳಿದ ಮೇಲೆ ಟೈರನ್ನು ನೋಡುವ ಕಣ್ಣೇ ಬೇರೆಯಾಗುತ್ತದೆ. ಹೊಸ ಟೈರಿನ ಹಲ್ಲು 8 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಸವೆದು 4 ಆದರೆ ಚಕ್ರ ಅಷ್ಟು ಚಿಕ್ಕದಾಯಿತು, ಸುತ್ತಳತೆ ಶೇಕಡಾ ಒಂದೂಕಾಲು ಕುಗ್ಗಿತು. ಕಾರಿನ ವೇಗದ ಮೀಟರಿಗೆ ಇದು ತಿಳಿಯದು, ಅದು ಹಳೆಯ ಲೆಕ್ಕವನ್ನೇ ಒಪ್ಪಿಸುತ್ತಿರುತ್ತದೆ. ಆ ಮೀಟರನ್ನು ನಂಬಿ 54 ನಿಮಿಷ ಓಡಿಸಿದರೆ 40 ಸೆಕೆಂಡ್ ಎತ್ತಲೋ ಹೋಗಿರುತ್ತದೆ. ಕಾರಿನ ಮೀಟರನ್ನು ಬದಿಗಿಟ್ಟು ಉಪಗ್ರಹ ನೋಡಿ ಹೇಳುವ ಜಿಪಿಎಸ್ ತರುವುದು ಈ ಕಾರಣಕ್ಕೆ.

ಟೈರಿನ ಬದಿಯ ಗೋಡೆಯಲ್ಲಿ ಅದರ ಜಾತಕವೂ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದ ಕೂಸು. ಅದೇ ಗೋಡೆಯಲ್ಲಿ ಎಷ್ಟು ವೇಗ ತಾಳುತ್ತದೆ ಎಂಬ ಅಕ್ಷರ: H ಗೆ 210, V ಗೆ 240, W ಗೆ 270 ಕಿಲೋಮೀಟರ್. ಹಲ್ಲು ಹೊಚ್ಚಹೊಸದಾಗಿ ಕಂಡರೂ ರಬ್ಬರ್ ಮುದಿಯಾಗಿರಬಹುದು. ಷೆಡ್ಡಿನಲ್ಲಿ ಸುಮ್ಮನೆ ನಿಂತ ಕಾರಿನ ಟೈರಿಗೂ ವಯಸ್ಸಾಗುತ್ತದೆ.

ಇನ್ನು ಬ್ರೇಕ್ ಆಯಿಲ್. ಹೆಸರಿಗಷ್ಟೇ ಆಯಿಲ್. ಗಾಳಿಯ ತೇವವನ್ನು ಉಪ್ಪಿನಂತೆ ಹೀರಿಕೊಳ್ಳುವ ದ್ರವ ಇದು. ಡಾಟ್ 4 ದರ್ಜೆಯದು ಹೊಸತಿದ್ದಾಗ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು, ನೀರು ಕುಡಿದ ಮೇಲೆ 155ಕ್ಕೇ ಕುದಿಯಬಹುದು. ಕುದಿದರೆ ಗುಳ್ಳೆ, ಗುಳ್ಳೆಯಿದ್ದಲ್ಲಿ ಒತ್ತಡವಿಲ್ಲ, ಪೆಡಲ್ ನೆಲ ಮುಟ್ಟುತ್ತದೆ. ಒಂದೂವರೆ ಟನ್ನಿನ ಕಾರನ್ನು 160ರಿಂದ ಸೊನ್ನೆಗೆ ತರುವಾಗ ಹೊಮ್ಮುವ ಶಾಖ ನಾಲ್ಕೂವರೆ ಲೀಟರ್ ತಣ್ಣೀರನ್ನು ಮರಳಿಸುವಷ್ಟು. ಅಷ್ಟನ್ನೂ ನುಂಗಬೇಕಾದದ್ದು ಮುಖ್ಯವಾಗಿ ನಾಲ್ಕು ಕಬ್ಬಿಣದ ತಟ್ಟೆಗಳು.

ಹಾಗಾಗಿ ಹಳೆಯದನ್ನು ಹೊರಹಾಕಬೇಕು. ಇಬ್ಬರು ಬೇಕಾದ ಕೆಲಸ. ಒಬ್ಬರು ಸೀಟಿನಲ್ಲಿ ಕುಳಿತು ಪೆಡಲ್ ಒತ್ತಬೇಕು, ಇನ್ನೊಬ್ಬರು ಚಕ್ರದ ಬಳಿ ಕುಕ್ಕರುಗಾಲಿನಲ್ಲಿ ಕೂತು ದ್ರವ ಹೊರಬಿಡುವ ನಿಪ್ಪಲ್ ಸಡಿಲಿಸಬೇಕು. ಅಲ್ಲಿಂದ ಪಾರದರ್ಶಕ ಕೊಳವೆ ಒಂದು ಬಾಟಲಿಗೆ. ‘ಒತ್ತು’, ‘ಹಿಡ್ಕೋ’, ‘ಬಿಡು’. ಲೋಕದ ಯಾವ ಗ್ಯಾರೇಜಿಗೆ ಹೋದರೂ ಸಂಭಾಷಣೆ ಇಷ್ಟೇ, ಗಂಡಹೆಂಡತಿ ಮಾಡಿದರೂ ಇದಕ್ಕಿಂತ ಹೆಚ್ಚಿಗೆ ಜಗಳವಿಲ್ಲ. ಕೊಳವೆಯಲ್ಲಿ ಮೊದಲು ಡಿಕಾಕ್ಷನ್ ಬಣ್ಣ ಇಳಿಯುತ್ತದೆ, ನಡುವೆ ಸಾಸಿವೆ ಕಾಳಿನಂಥ ಗುಳ್ಳೆಗಳು. ಬರುಬರುತ್ತಾ ತೆಳುವಾಗಿ, ಕೊನೆಗೆ ಎಳೆ ಜೇನಿನಂತೆ ತಿಳಿಯಾಗುತ್ತದೆ. ಆ ಬಣ್ಣ ತಿರುಗುವ ಗಳಿಗೆಗೆ ಕಾಯುವುದಿದೆಯಲ್ಲ, ನನಗೆ ಈ ಇಡೀ ಸಿದ್ಧತೆಯಲ್ಲಿ ಅದಕ್ಕಿಂತ ಚೆಂದದ್ದು ಇನ್ನೊಂದಿಲ್ಲ. ಪಾಕ ಎಳೆ ಬಂತೇ ಎಂದು ಬೆರಳ ನಡುವೆ ನೋಡುವವರಿಗೆ ಈ ಸುಖ ಬಿಡಿಸಿ ಹೇಳಬೇಕಾಗಿಲ್ಲ.

ಕಳಚಿದ ಚಕ್ರ ಮತ್ತೆ ಏರಿಸುವಾಗ ಟಾರ್ಕ್ ವ್ರೆಂಚಿನ ಸರದಿ. ಹೇಳಿದಷ್ಟು ಬಿಗಿಯಾದ ಕೂಡಲೇ ‘ಟಿಕ್’ ಎಂದು ಅಂಗೈಗೆ ಮುಟ್ಟಿಸುವ ಪಾನಾ ಅದು. ನಟ್ಟುಗಳನ್ನು ಸಾಲಾಗಿ ಬಿಗಿಯುವುದಿಲ್ಲ, ಒಂದರಿಂದ ಎದುರಿನದಕ್ಕೆ ಹಾರುತ್ತಾ ನಕ್ಷತ್ರ ಬರೆದಂತೆ. ನಮ್ಮೂರ ಗ್ಯಾರೇಜಿನ ಮೇಸ್ತ್ರಿಯ ಬಳಿ ಈ ಉಪಕರಣ ಇರಲಿಲ್ಲ. ಬಿಗಿತ ಅವರ ಮುಂಗೈಯಲ್ಲಿತ್ತು. ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ, ಹಿಡಿಯನ್ನು ಕಿವಿಗೆ ಒತ್ತಿ ಬೇರಿಂಗಿನ ಕಾಯಿಲೆ ಹೇಳುತ್ತಿದ್ದರು. ಆದರೂ ಈ ವೇಗಕ್ಕೆ ನಾನು ಮುಂಗೈಗಿಂತ ‘ಟಿಕ್’ ಶಬ್ದವನ್ನೇ ನಂಬುವವನು.

ಹೆಲ್ಮೆಟ್ಟು, ಭುಜದ ಮೇಲಿಂದ ಬಿಗಿಯುವ ಬೆಲ್ಟು, ಬೆಂಕಿ ಆರಿಸುವ ಸಿಲಿಂಡರು ಇವೆಲ್ಲ ದುಡ್ಡು ಕೊಟ್ಟರೆ ಬರುತ್ತವೆ. ಹಿಂದುಗಡೆ ರೆಕ್ಕೆ ಅಂಟಿಸಿ, ಸೈಲೆನ್ಸರ್ ಬದಲಿಸಿ ಗುಡುಗಿಸುವವರೂ ಇದ್ದಾರೆ. ಅದು ಮದುವೆ ದಿಬ್ಬಣದ ಕಾರಿಗೆ ಸರಿ.

ಸೇರಿಸುವುದಕ್ಕಿಂತ ತೆಗೆಯುವುದು ಕಷ್ಟ. ಡಿಕ್ಕಿಯ ಜಾಕು, ಸೀಟಿನಡಿ ಉರುಳಿದ ನೀರಿನ ಬಾಟಲಿ, ಪೆಡಲಿಗೆ ಸಿಕ್ಕುವ ಕಾಲೊರಸು, ಚಿಲ್ಲರೆ ಕಾಸು, ಮಕ್ಕಳ ಒಂಟಿ ಚಪ್ಪಲಿ. ಡ್ಯಾಶ್‌ಬೋರ್ಡಿನ ಗಣಪನಿದ್ದರೆ ಅವನೂ ಇಳಿಯಬೇಕು, ಹಠಾತ್ತನೆ ಬ್ರೇಕ್ ಬಿದ್ದರೆ ವಿಘ್ನ ಅವನಿಂದಲೇ. ಒಂದು ಸಂಸಾರ ವರ್ಷಗಟ್ಟಲೆ ಬದುಕಿದ ಗುರುತನ್ನೆಲ್ಲ ರಟ್ಟಿನ ಡಬ್ಬಕ್ಕೆ ತುಂಬಿದ ಮೇಲೆ ಒಳಗೆ ಕೂತು ಬಾಗಿಲು ಹಾಕಿದರೆ ಸದ್ದೇ ಬೇರೆ, ಖಾಲಿ ಮಾಡಿದ ಬಾಡಿಗೆ ಮನೆಯ ಸದ್ದು.

ಓಟದ ದಿನ ಉಳಿಯುವುದು ಪಕ್ಕದ ಸೀಟಿನಲ್ಲಿ ಲೆಕ್ಕ ನೋಡುವವಳ ತೊಡೆಯ ಮೇಲಿನ ಒಂದು ಚೀಟಿ. 30ನೇ ಮೈಲಿಗೆ 18 ನಿಮಿಷ, 60ಕ್ಕೆ 36, 90ಕ್ಕೆ 54. ಮೇಲ್ಗಡೆ ಪೆನ್ಸಿಲಿನಲ್ಲಿ ಇನ್ನೊಂದು ಲೆಕ್ಕ: ನಿಂತಲ್ಲಿಂದ ಗಂಟೆಗೆ 100 ಮೈಲಿ ಮುಟ್ಟುವಷ್ಟರಲ್ಲಿ ಸುಮಾರು 8 ಸೆಕೆಂಡ್ ಸಾಲ. 105ರಲ್ಲಿ ಓಡಿದರೆ ನಿಮಿಷಕ್ಕೆ 3 ಸೆಕೆಂಡಿನಂತೆ ತೀರುತ್ತದೆ, ಮೂರು ನಿಮಿಷದೊಳಗೆ ಚುಕ್ತಾ. ಲಂಡ್ ಬಳಿಯ ಬೆಳಗಿನ ಚಳಿಯಲ್ಲಿ ಕಾರುಗಳು ಸಾಲುಗಟ್ಟಿವೆ, ನಿಮಿಷಕ್ಕೊಂದರಂತೆ ಬಿಡುತ್ತಾರೆ. ಮುಂದಿನವನು ಹೋಗಿ ಅರ್ಧ ನಿಮಿಷವಾಯಿತು. ಅವಳು ಚೀಟಿ ಮಡಿಸಿ, ಬಿಚ್ಚಿ, ಮತ್ತೆ ಓದುತ್ತಾಳೆ. ಓಡಿಸುವವನು ಬಾಗಿಲು ತೆಗೆದು ಒಮ್ಮೆ ಮುಚ್ಚಳ ನೋಡಿ ಬರಲೇ ಎಂದು ಯೋಚಿಸುತ್ತಾನೆ. ಬೆಲ್ಟು ಆಗಲೇ ಬಿಗಿದಾಗಿದೆ.