ಹರಿಹರದಿಂದ ಝೀರಾಕ್ಕೆ, ಹಳಿಯ ಮೇಲೆ

ಬೆನ್ನಿಗೊಂದು ಚೀಲ ಏರಿಸಿ ರೈಲಿನಲ್ಲೇ ದೇಶ ಸುತ್ತುತ್ತೇವೆ ಎಂದು ಹೊರಡುವ ನಮ್ಮೂರ ಹುಡುಗರು, ಗುರುದ್ವಾರ ಅಂದ ಕೂಡಲೇ ಅಮೃತಸರದ ದಾರಿ ಹುಡುಕುತ್ತಾರೆ. ದಾವಣಗೆರೆಯಲ್ಲಿ ಹತ್ತಿದರೆ ಚಂಡೀಗಢದಲ್ಲೇ ಇಳಿಸುವ ಸಂಪರ್ಕ ಕ್ರಾಂತಿ ಇದೆ, ನಿಜ. ಆದರೂ ಮೊದಲ ಸಲ ಹೊರಟವರಿಗೆ ನಾನು ಹೇಳುವ ಊರು ಬೀದರ್. ಗುರುನಾನಕ್ ಝೀರಾ ಎಂಬ ಸಿಖ್ಖರ ದೊಡ್ಡ ಕ್ಷೇತ್ರ ಅಲ್ಲಿ, ನಮ್ಮ ರಾಜ್ಯದಲ್ಲೇ ಇರುವಾಗ, ಅದನ್ನು ಕಾಣದೆ ಪಂಜಾಬಿಗೆ ಓಡುವುದು ನನಗೆ ಸರಿ ಕಾಣುವುದಿಲ್ಲ.

ಅಲ್ಲಿಗೆ ಹೋಗಲು ಹಿಡಿಯಬೇಕಾದ ಗೋಲಗುಂಬಜ್ ಎಕ್ಸ್‌ಪ್ರೆಸ್ ನಮ್ಮ ಕಡೆ ಬರುವುದು ರಾತ್ರಿ. ಹರಿಹರದಲ್ಲಿ ಹತ್ತುವವರು ಸಂಜೆಯೇ ಹೋಗಿ ಹರಿಹರೇಶ್ವರನ ಗುಡಿಯಲ್ಲಿ ಒಂದು ತಾಸು ಕೂತು ಬರಲಿ. 1224ರಲ್ಲಿ ಹೊಯ್ಸಳ ದಂಡನಾಯಕ ಪೋಳಾಲ್ವ ಕಟ್ಟಿಸಿದ ಗುಡಿ ಅದು. ಸ್ಲೀಪರ್ ಬೋಗಿ ಸಾಕು, ಎ.ಸಿ.ಯ ಗಾಜು ನದಿಯ ಗಾಳಿಯನ್ನು ಒಳಗೆ ಬಿಡುವುದಿಲ್ಲ. ಈ ದಾರಿಯ ಸೊಗಸಿರುವುದೇ ನದಿಗಳಲ್ಲಿ. ಹರಿಹರ ಬಿಟ್ಟೊಡನೆ ತುಂಗಭದ್ರೆ. ಕತ್ತಲಲ್ಲಿ ಸೇತುವೆಯ ಸದ್ದಷ್ಟೇ ನಮಗೆ ಸಿಗುತ್ತದೆ. ಗದಗ ದಾಟಿ ಹೊಳೆಆಲೂರಿನ ಬಳಿ ಮಲಪ್ರಭೆ. ಬೆಳಕು ಹರಿದ ಮೇಲೆ ಆಲಮಟ್ಟಿಯ ಹತ್ತಿರ ಕೃಷ್ಣೆ, ವಿಜಯಪುರ ಕಳೆದ ಮೇಲೆ ಭೀಮೆ. ನಡುವೆ ಬುಟ್ಟಿ ಹೊತ್ತು ಬರುವ ಹೆಂಗಸರ ಹತ್ತಿರ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಕೊಂಡರೆ ಬೆಳಗಿನ ಊಟ ಆಯಿತು. ಸೊಲ್ಲಾಪುರದಲ್ಲಿ ಗಾಡಿ ಬದಲಿಸಿ ಕಲಬುರಗಿ. ಅಲ್ಲಿಂದ ಬೀದರ್‌ಗೆ ಹುಮನಾಬಾದ್ ಮೇಲೆ ಹೋಗುವ 110 ಕಿ.ಮೀ. ಹಳಿ 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾಯಿತು. ಬಸ್ಸಿನಲ್ಲಿ ಬೇಗ ಮುಟ್ಟಬಹುದೇನೋ. ಆದರೆ ಎರೆನೆಲ ಮುಗಿದು ಕೆಂಪು ಮಣ್ಣು ಶುರುವಾಗುವುದನ್ನು ರೈಲಿನ ಕಿಟಕಿಯಲ್ಲೇ ಕಾಣಬೇಕು.

ಆ ಕೆಂಪು ಮಣ್ಣಿಗೂ ಗುರುನಾನಕ್ ಝೀರಾಕ್ಕೂ ನಂಟಿದೆ. 16ನೇ ಶತಮಾನದ ಆರಂಭದಲ್ಲಿ ನಾನಕರು ದಕ್ಷಿಣಕ್ಕೆ ಬಂದಾಗ ಬೀದರ್‌ನಲ್ಲಿ ಕುಡಿಯುವ ನೀರಿಗೆ ಬರ; ಅವರು ಪಾದದಿಂದ ಕಲ್ಲೊಂದನ್ನು ಸರಿಸಿದರು, ಸಿಹಿನೀರು ಚಿಮ್ಮಿತು ಎಂಬುದು ಭಕ್ತರ ನಂಬಿಕೆ. ಬೀದರ್ ನಿಂತಿರುವುದು ಜಂಬಿಟ್ಟಿಗೆಯ ಮೇಲೆ. ಮಳೆನೀರು ಅದರ ರಂಧ್ರಗಳಲ್ಲಿ ಇಳಿದು, ಕೆಳಗಿನ ಗಟ್ಟಿ ಕರಿಕಲ್ಲು ಸಿಕ್ಕಲ್ಲಿ ತಡೆದು, ಇಳಿಜಾರಿನಲ್ಲಿ ಒಸರುತ್ತದೆ. ಬಹಮನಿ ಕಾಲದವರು ನೆಲದಡಿ ಕರೇಜ್ ಸುರಂಗ ತೋಡಿದ್ದೂ ಇದೇ ನೀರಿಗಾಗಿ. ಭೂಮಿಯ ಈ ಲೆಕ್ಕ ತಿಳಿದ ಮೇಲೂ ಆ ಒರತೆಯ ಮುಂದೆ ಬೊಗಸೆ ಒಡ್ಡಿದಾಗ ನನ್ನ ಭಕ್ತಿ ಕಡಿಮೆಯಾಗಿಲ್ಲ. ಈಗಿನ ಗುರುದ್ವಾರ ಕಟ್ಟಿದ್ದು 1948ರಲ್ಲಿ.

ಬೀದರ್‌ನಿಂದ ಪಂಜಾಬಿಗೆ ಹೋದವರೂ ಇದ್ದಾರೆ. 1699ರ ವೈಶಾಖಿಯಂದು ಆನಂದಪುರದಲ್ಲಿ ಗುರು ಗೋಬಿಂದ್ ಸಿಂಗ್ ತಲೆ ಕೊಡುವವರು ಯಾರು ಎಂದು ಕೇಳಿದಾಗ ಎದ್ದುನಿಂತ ಐವರಲ್ಲಿ ಒಬ್ಬರು ಈ ಊರಿನ ಕ್ಷೌರಿಕ ಕುಲದ ಸಾಹಿಬ್ ಸಿಂಗ್. ಸಿಖ್ಖರು ಇಂದಿಗೂ ನೆನೆಯುವ ಪಂಜ್ ಪ್ಯಾರೆಗಳಲ್ಲಿ ಒಬ್ಬರು. ಅದೇ ಕುಲದ ಶರಣ ಹಡಪದ ಅಪ್ಪಣ್ಣನವರಿದ್ದ ಕಲ್ಯಾಣವೂ ಇದೇ ಜಿಲ್ಲೆಯಲ್ಲಿದೆ ಎಂಬುದನ್ನು ನೆನೆದಾಗಲೆಲ್ಲ ನನಗೆ ಈ ನೆಲದ ಮೇಲೆ ಗೌರವ ಹೆಚ್ಚುತ್ತದೆ.

ಒಳಗೆ ಹೋಗುವಾಗ ತಲೆಗೆ ಬಟ್ಟೆ ಬೇಕು, ದೊಡ್ಡ ಕರವಸ್ತ್ರವಾದರೂ ನಡೆದೀತು. ಚಪ್ಪಲಿ ಬಿಟ್ಟು ಕಾಲು ತೊಳೆದು ಹೋಗಿ, ಗ್ರಂಥ ಸಾಹಿಬ್‌ಗೆ ನಮಿಸಿ, ಕಡಾ ಪ್ರಸಾದವನ್ನು ಎರಡೂ ಕೈಯಲ್ಲಿ ತಗೊಳ್ಳಬೇಕು. ಗೋಧಿಹಿಟ್ಟು, ತುಪ್ಪ, ಸಕ್ಕರೆ ಸಮಸಮ. ಅಂಗೈಯಲ್ಲಿ ಬಿಸಿ ಇರುವಾಗಲೇ ತಿನ್ನಿ. ಆಮೇಲೆ ಲಂಗರ್. ಸಿರಿಗೆರೆಯ ದಾಸೋಹದಲ್ಲಿ ಕೂತು ಉಂಡವರಿಗೆ ಈ ಪಂಕ್ತಿ ಹೊಸದಲ್ಲ. ರೊಟ್ಟಿ ಹಂಚುವವರು ಅದನ್ನು ತಟ್ಟೆಗೆ ಹಾಕುವುದಿಲ್ಲ. ನೀವು ಬೊಗಸೆ ಚಾಚಿ ಕಾಯಬೇಕು. ಲಾರಿ ಚಾಲಕ, ಕಾಲೇಜು ಹುಡುಗ, ಊರಿನ ಸಾಹುಕಾರ, ಎಲ್ಲರ ಕೈಯೂ ಹಾಗೆಯೇ ಮೇಲ್ಮುಖ. ಬೇಕಾದಷ್ಟನ್ನೇ ಕೇಳಿ, ಬಿಡಬೇಡಿ.

ಉಂಡು ಎದ್ದುಹೋದರೆ ಲಂಗರಿನ ಅರ್ಧವನ್ನು ಮಾತ್ರ ಕಂಡಂತೆ. ಖರ್ಚು ಉಳಿಯಿತೆಂದು ಲೆಕ್ಕ ಹಾಕುವ ಪ್ರವಾಸಿಗರನ್ನು ಕಂಡಾಗ ನನಗೆ ಬೇಸರವಾಗುತ್ತದೆ. ಒಂದು ರಾತ್ರಿ ಅಲ್ಲೇ ಉಳಿಯಿರಿ. ಬೆಳಿಗ್ಗೆ ಪಾತ್ರೆ ತೊಳೆಯುವ ತೊಟ್ಟಿಯ ಬಳಿ ನಿಂತು ತೋಳು ಮಡಚಿ. ನೀವು ಯಾರು, ಯಾವ ಊರು, ಯಾವ ಜಾತಿ ಎಂದು ವಿಚಾರಿಸದೆ ಪಕ್ಕದವರು ಜಾಗ ಬಿಡುತ್ತಾರೆ.

ಚೀಲದಲ್ಲಿ ಇನ್ನಷ್ಟು ಬಟ್ಟೆಯಿದ್ದರೆ ಅಲ್ಲಿಂದಲೇ ಹಿಂತಿರುಗಬೇಡಿ. ಬೆಂಗಳೂರು–ನಾಂದೇಡ್ ಗಾಡಿ ಬೀದರ್ ಮೇಲೆಯೇ ಹಾದುಹೋಗುತ್ತದೆ. ನಾಂದೇಡ್‌ನ ಹಜೂರ್ ಸಾಹಿಬ್, 1708ರಲ್ಲಿ ಗುರು ಗೋಬಿಂದ್ ಸಿಂಗ್ ದೇಹ ಬಿಟ್ಟ ಸ್ಥಳ. ಅಲ್ಲಿಂದ ಅಮೃತಸರಕ್ಕೆ ಸಚಖಂಡ್ ಎಕ್ಸ್‌ಪ್ರೆಸ್ ಹೊರಡುತ್ತದೆ. ದಾರಿಯ ಕೆಲವು ನಿಲ್ದಾಣಗಳಲ್ಲಿ ಸೇವಾದಾರರು ಬೋಗಿಗೇ ಬಂದು ಎಲ್ಲ ಪ್ರಯಾಣಿಕರಿಗೂ ಲಂಗರ್ ಬಡಿಸುತ್ತಾರೆ. ತಟ್ಟೆ, ಡಬ್ಬಿ ಮಾತ್ರ ನೀವೇ ಒಯ್ಯಬೇಕು.