‘ಜುರಾಸಿಕ್ ಪಾರ್ಕ್’ ಮತ್ತು ಹಿಟ್ಟಿನ ಕೋಳಿ

ಮಕ್ಕಳನ್ನು ಸಿನಿಮಾಕ್ಕೆ ಕರೆದೊಯ್ಯುವುದು ಕೇವಲ ಮನರಂಜನೆಯ ವಿಷಯವೆಂದು ನಾವು ಭಾವಿಸಿದ್ದೇವೆ. ಆದರೆ ಅದು ಆಚಾರದ ವಿಷಯವೂ ಹೌದು. ಮಗುವಿಗೆ ಕುಡಿಸುವ ನೀರನ್ನು ಬಟ್ಟೆಯಲ್ಲಿ ಸೋಸುವ ಶ್ರಾವಕರು, ಅದರ ಕಣ್ಣಿನ ಮೂಲಕ ಒಳಹೋಗುವುದನ್ನು ಸೋಸುವುದು ಅಪರೂಪ.

ಸ್ಟೀವನ್ ಸ್ಪಿಲ್‌ಬರ್ಗ್ ನಿರ್ದೇಶಿಸಿದ ‘ಜುರಾಸಿಕ್ ಪಾರ್ಕ್’ 1993ರಲ್ಲಿ ತೆರೆಕಂಡು, 1994ರಲ್ಲಿ ಹಿಂದಿ ಮಾತುಗಳೊಡನೆ ನಮ್ಮ ದೇಶದಲ್ಲಿ ಪ್ರದರ್ಶನಗೊಂಡಿತು. ಸಾಯಗಾಂವ, ಭಾಲ್ಕಿ, ಔರಾದ ಕಡೆಯ ಮಕ್ಕಳಿಗೆ ಹಿಂದಿ ಅಪರಿಚಿತವಲ್ಲವಾದ್ದರಿಂದ ಭಾಷೆಯ ಅಡ್ಡಿಯೂ ಇರಲಿಲ್ಲ. ಆ ಸರಣಿಯ ಏಳನೆಯ ಚಿತ್ರ 2025ರಲ್ಲಿ ಬಂದಿದೆ. ಅಂದು ಬಾಲಕರಾಗಿ ಮೊದಲ ಚಿತ್ರವನ್ನು ನೋಡಿದವರು ಇಂದು ತಮ್ಮ ಮಕ್ಕಳ ಕೈಹಿಡಿದು ಚಿತ್ರಮಂದಿರಕ್ಕೆ ಹೋಗುತ್ತಿದ್ದಾರೆ. ಆದುದರಿಂದ ಮೂಲ ಚಿತ್ರವನ್ನು ಶ್ರಾವಕಾಚಾರದ ದೃಷ್ಟಿಯಿಂದ ಪರಿಶೀಲಿಸುವುದು ಅಪ್ರಸ್ತುತವಾಗಲಾರದು.

ಈ ಚಿತ್ರದ ವಿರುದ್ಧ ಸಾಮಾನ್ಯವಾಗಿ ಕೇಳಿಬರುವ ಆಕ್ಷೇಪಣೆ, ಮಕ್ಕಳು ಹೆದರುತ್ತಾರೆ ಎಂಬುದು. ಇದು ಮುಖ್ಯ ಆಕ್ಷೇಪಣೆಯಲ್ಲವೆಂದು ನನ್ನ ಅಭಿಪ್ರಾಯ. ಆಹಾರ, ಭಯ, ಮೈಥುನ, ಪರಿಗ್ರಹಗಳೆಂಬ ನಾಲ್ಕು ಸಂಜ್ಞೆಗಳು ಸಂಸಾರಿ ಜೀವಕ್ಕೆ ಸಹಜವಾದವು. ಹೆದರಿದ ಮಗು ತಾಯಿಯ ಮಡಿಲಲ್ಲಿ ಸಮಾಧಾನಗೊಳ್ಳುತ್ತದೆ. ನಾವು ಚಿಂತಿಸಬೇಕಾದುದು ಹೆದರುವ ಮಗುವಿನ ಬಗೆಗಲ್ಲ, ಚಪ್ಪಾಳೆ ತಟ್ಟುವ ಮಗುವಿನ ಬಗೆಗೆ. ಹಿಂಸೆಯು ಕೃತ, ಕಾರಿತ, ಅನುಮೋದನೆ ಎಂದು ಮೂರು ಬಗೆಯಾಗಿ ಬಂಧಕ್ಕೆ ಕಾರಣವಾಗುತ್ತದೆ. ಚಿತ್ರಮಂದಿರದ ಕುರ್ಚಿಯಲ್ಲಿ ಕುಳಿತವನು ಕೊಲ್ಲುವುದಿಲ್ಲ, ಕೊಲ್ಲಿಸುವುದೂ ಇಲ್ಲ. ಅನುಮೋದನೆಯ ಬಾಗಿಲು ಮಾತ್ರ ಅವನಿಗೆ ತೆರೆದೇ ಇರುತ್ತದೆ.

ಚಿತ್ರದ ಎರಡು ಸನ್ನಿವೇಶಗಳನ್ನು ನೋಡೋಣ. ಟಿರಾನೋಸಾರಸ್ ಎಂಬ ಮಾಂಸಾಹಾರಿಯನ್ನು ಪ್ರೇಕ್ಷಕರ ಮುಂದೆ ಬರಿಸಲು ಒಂದು ಮೇಕೆಯನ್ನು ಕಟ್ಟಲಾಗುತ್ತದೆ. ಲೆಕ್ಸ್ ಎಂಬ ಬಾಲಕಿ ಅದನ್ನು ಕಂಡು ಕಳವಳಗೊಳ್ಳುತ್ತಾಳೆ. ಅವಳ ತಮ್ಮ ಹಿಗ್ಗುತ್ತಾನೆ. ಜೊತೆಗಿದ್ದ ವಕೀಲನು ಹಂಗಿಸಿದಾಗ, ತಾನು ಸಸ್ಯಾಹಾರಿ ಎಂದು ಆಕೆ ಉತ್ತರಿಸುತ್ತಾಳೆ. ಇಡೀ ಚಿತ್ರದಲ್ಲಿ ನಮ್ಮ ಮಕ್ಕಳು ತಮ್ಮವಳೆಂದು ಗುರುತಿಸಬಹುದಾದ ಮಾತು ಅದೊಂದೇ. ಆದರೆ ನಿರ್ದೇಶಕನಿಗೆ ಆ ಕಳವಳ ಬೇಕಾಗಿಲ್ಲ. ರಾತ್ರಿಯ ಮಳೆಯಲ್ಲಿ ಮೇಕೆ ಎಲ್ಲಿ ಎಂದು ಆಕೆ ಕೇಳುತ್ತಿರುವಂತೆಯೇ ಅದರ ಕಾಲು ವಾಹನದ ಗಾಜಿನ ಮೇಲೆ ಬೀಳುತ್ತದೆ. ಕರುಣೆಯ ಪ್ರಶ್ನೆಯನ್ನು ರೋಮಾಂಚನದ ಸಾಧನವಾಗಿ ಬಳಸಿಕೊಂಡ ಬಗೆಯಿದು.

ಎರಡನೆಯದು ಆ ವಕೀಲನ ಮರಣ. ಮಕ್ಕಳನ್ನು ವಾಹನದಲ್ಲಿಯೇ ಬಿಟ್ಟು ಓಡಿದ ಅವನು ಶೌಚಾಲಯದಲ್ಲಿ ಅಡಗಿ, ಕುಳಿತಲ್ಲಿಯೇ ಪ್ರಾಣಿಯ ಬಾಯಿಗೆ ತುತ್ತಾಗುತ್ತಾನೆ. ಈ ಮರಣವನ್ನು ಪ್ರೇಕ್ಷಕರು ನಗುವಂತೆ ಚಿತ್ರಿಸಲಾಗಿದೆ. ಅವನು ಮಾಡಿದ ಕರ್ಮದ ಫಲವನ್ನು ಅವನು ಉಂಡನು, ಇದರಲ್ಲಿ ತಪ್ಪೇನು ಎಂದು ಕೆಲವರು ಕೇಳಬಹುದು. ಕರ್ಮಸಿದ್ಧಾಂತವು ಫಲದ ನಿಯಮವನ್ನು ಹೇಳುತ್ತದೆಯೇ ಹೊರತು, ಅನ್ಯರ ದುಃಖದಲ್ಲಿ ಸಂತೋಷಪಡಲು ನಮಗೆ ಅಪ್ಪಣೆ ಕೊಡುವುದಿಲ್ಲ. ಅಂತಹ ಸಂತೋಷಕ್ಕೆ ಶಾಸ್ತ್ರಕಾರರು ಹಿಂಸಾನಂದವೆಂದು ಹೆಸರಿಟ್ಟು, ಅದನ್ನು ರೌದ್ರಧ್ಯಾನದಲ್ಲಿ ಸೇರಿಸಿದ್ದಾರೆ. ಆರು ವರ್ಷದ ಮಗುವಿಗೆ ಈ ಭೇದ ತಿಳಿಯದು. ಸುತ್ತಲಿನ ಹಿರಿಯರು ನಕ್ಕಾಗ ಅದೂ ನಗಲು ಕಲಿಯುತ್ತದೆ.

‘ಇದು ಬರಿಯ ಚಿತ್ರ, ಯಾವ ಜೀವಿಯೂ ಸಾಯಲಿಲ್ಲ’ ಎಂಬ ಸಮಾಧಾನ ಹೊಸದಲ್ಲ. ಯಶೋಧರನೂ ಹೀಗೆಯೇ ಯೋಚಿಸಿದನು. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು, ಜೀವವಿಲ್ಲದ ಹಿಟ್ಟಿನ ಕೋಳಿಯನ್ನು ಬಲಿಗೊಟ್ಟನು. ಆ ಸಂಕಲ್ಪಹಿಂಸೆಯ ಫಲವಾಗಿ ತಾಯಿ ಮಗ ಇಬ್ಬರೂ ಹಲವು ತಿರ್ಯಂಚ ಜನ್ಮಗಳಲ್ಲಿ ತೊಳಲಿದರು. ಜನ್ನನು 1209ರಲ್ಲಿ ಕನ್ನಡದಲ್ಲಿ ರಚಿಸಿದ ಈ ಕಥೆಯನ್ನು, ಅವನಿಗಿಂತ ಮೊದಲೇ ಹತ್ತನೆಯ ಶತಮಾನದಲ್ಲಿ ಪುಷ್ಪದಂತನು ನಮ್ಮ ನೆರೆಯ ಮಳಖೇಡದಲ್ಲಿ, ಅಂದಿನ ಮಾನ್ಯಖೇಟದಲ್ಲಿ, ಅಪಭ್ರಂಶದಲ್ಲಿ ಬರೆದಿದ್ದನು. ಸಿನಿಮಾ ನೋಡಿದವನು ಕತ್ತಿ ಹಿಡಿದವನಷ್ಟೇ ದೋಷಿ ಎಂದು ನಾನು ಹೇಳುತ್ತಿಲ್ಲ. ಎದುರಿಗಿರುವ ವಸ್ತು ನಿಜವೋ ಕೃತಕವೋ ಎಂಬುದಕ್ಕಿಂತ, ಒಳಗೆ ಹುಟ್ಟಿದ ಭಾವವೇ ಮುಖ್ಯವೆಂಬುದಷ್ಟೇ ಆ ಕಥೆಯ ತಾತ್ಪರ್ಯ.

ವಿಮರ್ಶೆಯೆಂದ ಮೇಲೆ ಜಮೆಯ ಬದಿಯನ್ನೂ ಬರೆಯಬೇಕು. ಮರದ ಮೇಲೆ ಕುಳಿತ ಮಕ್ಕಳು ಸಸ್ಯಾಹಾರಿಯಾದ ಬ್ರಾಕಿಯೋಸಾರಸ್‌ಗಳನ್ನು ನೋಡುವ ದೃಶ್ಯದಲ್ಲಿ, ಇವು ರಾಕ್ಷಸರಲ್ಲ, ಪ್ರಾಣಿಗಳು ಎಂಬ ವಿವೇಕದ ಮಾತು ಬರುತ್ತದೆ. ಕಾಯಿಲೆ ಬಿದ್ದ ಟ್ರೈಸೆರಾಟಾಪ್ಸ್‌ನ ಉಪಚಾರ ಮನಸ್ಸನ್ನು ಕರಗಿಸುತ್ತದೆ. ಅನರ್ಥದ ಮೂಲ ಪ್ರಾಣಿಗಳಲ್ಲಿಲ್ಲ, ಮನುಷ್ಯನ ಲೋಭದಲ್ಲಿದೆ ಎಂಬುದೂ ಸ್ಪಷ್ಟವಾಗಿದೆ. ಹಣದ ಆಸೆಗೆ ಭ್ರೂಣಗಳನ್ನು ಕದ್ದು ಮಾರಲು ಹೊರಟ ನೌಕರನೊಬ್ಬನು ವಿದ್ಯುತ್ ಬೇಲಿಯನ್ನು ನಿಲ್ಲಿಸಿದ್ದರಿಂದಲೇ ಎಲ್ಲವೂ ಕೆಡುತ್ತದೆ. ಪರಿಗ್ರಹದ ದೋಷವನ್ನು ದೊಡ್ಡ ಮಕ್ಕಳಿಗೆ ತಿಳಿಸಲು ಇದಕ್ಕಿಂತ ಸುಲಭವಾದ ಉದಾಹರಣೆ ಸಿಕ್ಕಲಾರದು. ಆದರೆ ಕೊನೆಯಲ್ಲಿ ಟಿರಾನೋಸಾರಸ್ ಇತರ ಪ್ರಾಣಿಗಳನ್ನು ಕೊಂದು ನಾಯಕಸ್ಥಾನಕ್ಕೇರುತ್ತದೆ. ಮಕ್ಕಳ ಮನಸ್ಸಿನಲ್ಲಿ ಉಳಿಯುವುದು ಲೋಭದ ಪಾಠವಲ್ಲ, ಆ ಗರ್ಜನೆ.

ಹಾಗಾದರೆ ಮಾಡಬೇಕಾದುದೇನು? ಎಂಟು ವರ್ಷ ತುಂಬಿದ ಮೇಲೆ ಮಗು ವ್ರತಗ್ರಹಣಕ್ಕೆ ಅರ್ಹವೆಂಬುದು ನಮ್ಮ ಪರಂಪರೆ. 2023ರ ತಿದ್ದುಪಡಿಯ ಬಳಿಕ ಸರ್ಕಾರದ ಯು/ಎ ಪ್ರಮಾಣಪತ್ರದಲ್ಲಿಯೂ 7, 13, 16 ಎಂಬ ವಯಸ್ಸಿನ ಶ್ರೇಣಿಗಳಿವೆ. ಎಂಟರೊಳಗಿನ ಮಕ್ಕಳನ್ನು ಇಂತಹ ಚಿತ್ರಗಳಿಗೆ ಒಯ್ಯದಿರುವುದೇ ಲೇಸು. ಬೆಳೆದ ಮಕ್ಕಳೊಡನೆ ಹಿರಿಯರೂ ಕುಳಿತು ನೋಡಬೇಕು, ನೋಡಿದ ಮೇಲೆ ಮಾತನಾಡಬೇಕು.

ಡೈನೋಸಾರ್‌ಗಳ ಕುತೂಹಲ ಕೆಟ್ಟದ್ದಲ್ಲ. ಅದನ್ನು ತಣಿಸಲು ಬೇರೆ ದಾರಿಯಿದೆ. ನಮ್ಮ ಮಾಂಜ್ರಾ ನದಿ ಗೋದಾವರಿಯನ್ನು ಸೇರುತ್ತದೆ. ಆ ಗೋದಾವರಿಯ ಕಣಿವೆಯಲ್ಲಿ ದೊರೆತ ಕೋಟಾಸಾರಸ್‌ನ ಅಸ್ಥಿಪಂಜರವನ್ನು ಹೈದರಾಬಾದಿನ ಬಿರ್ಲಾ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ನಿಲ್ಲಿಸಿದ್ದಾರೆ. ಅದು ಸಸ್ಯಾಹಾರಿ. ಜಬಲಪುರದಲ್ಲಿ ದೊರೆತ ಇನ್ನೊಂದು ಸಸ್ಯಾಹಾರಿಗೆ, ಸೋಹನ್‌ಲಾಲ್ ಜೈನ್ ಎಂಬ ಭಾರತೀಯ ವಿಜ್ಞಾನಿಯ ಗೌರವಾರ್ಥವಾಗಿ ಜೈನೋಸಾರಸ್ ಎಂದೇ ಹೆಸರಿಟ್ಟಿದ್ದಾರೆ. ಇದನ್ನು ಕೇಳಿದ ಯಾವ ಜೈನ ಬಾಲಕನ ಮುಖ ಅರಳದಿದ್ದೀತು?

ಚಿತ್ರಮಂದಿರದಲ್ಲಿ ಮಗು ನಿಮ್ಮ ತೋಳು ಜಗ್ಗಿ ‘ಆ ಮೇಕೆಗೆ ಏನಾಯಿತು?’ ಎಂದು ಕೇಳಿದರೆ, ‘ಸುಮ್ಮನೆ ಸಿನಿಮಾ ನೋಡು’ ಎಂದು ಗದರಬೇಡಿ. ಆ ಪ್ರಶ್ನೆಯೇ ಅಹಿಂಸಾಣುವ್ರತದ ಮೊಳಕೆ. ಚಿತ್ರ ಅದಕ್ಕೆ ಉತ್ತರ ಕೊಡುವುದಿಲ್ಲ. ಕೊಡಬೇಕಾದವರು ಪಕ್ಕದಲ್ಲಿ ಕುಳಿತ ತಂದೆತಾಯಿಗಳು.